ಎಲ್ಲಿದೆಯೇ ಮೇಣ?

"ನಿನ್ನ ಸಿಪ್ಪೆ ಕುಣಿತಕ್ಕೆ ಇವತ್ತೇ ಮಂಗಳ ಹಾಡ್ತೀನಿ!" ಎಂದು ಇಸಿದ್ರೊ ವಾರ್ನಿಷ್ ಡಬ್ಬಿಯನ್ನು ಗದೆಯಂತೆ ಎತ್ತಿ ಘೋಷಿಸಿದ.

ಸಿಪ್ಪೆ ಕುಣಿತವೆಂದರೆ ಹೆಂಡತಿ ಪುರಿಂಗ್ ದಿನಾ ಬೆಳಿಗ್ಗೆ ಮಾಡುವ ಕೆಲಸ. ನಡುಮನೆಯ ಮರದ ನೆಲಕ್ಕೆ ಮೇಣ ಬಳಿದು, ಅರ್ಧ ತೆಂಗಿನಸಿಪ್ಪೆಯ ಮೇಲೆ ಒಂದು ಕಾಲಿಟ್ಟು ಹಿಂದೆ ಮುಂದೆ ತಿಕ್ಕುವುದು. ಇಲೊಯ್ಲೊ ಊರಿನ ಆ ಬೀದಿಯಲ್ಲಿ ಹೆಂಗಸರೆಲ್ಲ ಹೀಗೆ ಕುಣಿಯುತ್ತಿದ್ದರು. ಗಂಡಸರು ಆ ಹೊಳಪಿನಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು.

ಶನಿವಾರ ಮರಿಯ ಮಾತೆಯ ವಿಗ್ರಹ ಸರದಿಯಂತೆ ಇವರ ಮನೆಗೆ ಬರುವುದಿತ್ತು, ಹಿಂದೆ ಜಪಸರ ಹಿಡಿದ ಬೀದಿಯ ಹೆಂಗಸರು. ನೆಲ ಮಂಕಾದರೆ ಮಾತು ಕೇಳಬೇಕಾದವಳು ಪುರಿಂಗ್.

"ಆಳು ಬೇಡ, ಬಾಡಿಗೆ ಯಂತ್ರ ಬೇಡ. ಉಪ್ಪುಕಾಗದ, ವಾರ್ನಿಷ್, ಈ ನನ್ನ ತೋಳು. ಸಾಕು!"

"ರೀ, ಮೊದಲು ಹಳೇ ಮೇಣ ತೆಗೀಬೇಕಲ್ವಾ?"

"ಎಲ್ಲಿದೆಯೇ ಮೇಣ? ನನಗಂತೂ ಕಾಣ್ತಿಲ್ಲ."

"ಮದುವೆ ಆದಾಗಿನಿಂದ ಹಚ್ತಿದ್ದೀನಿ. ಕಾಣ್ತಿಲ್ಲ ಅಂದ್ರೆ ಕಣ್ಣು ತೋರಿಸ್ಕೊಳ್ಳಿ!"

ಉಪ್ಪುಕಾಗದ ಎರಡು ಉಜ್ಜಿಗೇ ಜಿಡ್ಡುಗಟ್ಟಿತು. "ಕಾಗದ ಕಳಪೆ," ಎಂದು ತೀರ್ಪಿತ್ತ ಇಸಿದ್ರೊ ನೆಲದ ಮೇಲೆ ಡಬ್ಬಿಯನ್ನೇ ಮಗುಚಿದ. ನೆಲ ಹೊಳೆಯಿತು! ಆದರೆ ಒಣಗಲಿಲ್ಲ. ಫ್ಯಾನ್ ಹಾಕಿದ, ಬೀಸಣಿಗೆ ಬೀಸಿದ, ಬಾಯಲ್ಲಿ ಊದಿದ. ಬೆಕ್ಕು ಅಡ್ಡ ಹಾಯ್ದು ಅರ್ಧ ಬಾಲದ ಕೂದಲನ್ನು ಕಾಣಿಕೆಯಾಗಿ ಬಿಟ್ಟುಹೋಯಿತು.

ಶನಿವಾರ ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದು ಮಂಡಿಯೂರಿದರು. ಪ್ರಾರ್ಥನೆ ಮುಗಿಯಿತು. ಯಾರೂ ಏಳಲಿಲ್ಲ. ಭಕ್ತಿ ನಿಜಕ್ಕೂ ಅಂಟುಜಾಡ್ಯವಾಗಿತ್ತು!

"ಪುರಿಂಗ್," ಎಂದರು ಸೆಲಿಂಗ್ ಅಜ್ಜಿ, ಲಂಗ ಜಗ್ಗುತ್ತಾ, "ನಿಮ್ಮನೇಲಿ ಮಾತ್ರ ನೋಡು, ಒಬ್ಬರೂ ಮಧ್ಯದಲ್ಲಿ ಎದ್ದು ಹೋಗಲಿಲ್ಲ. ಏನು ಬಳಿದಿದ್ದೀಯೇ ನೆಲಕ್ಕೆ?"

ಪುರಿಂಗ್‌ಳ ಮುಖ ಕೆಂಪಾಯಿತು. "ನಾನಲ್ಲ ಅಜ್ಜಿ. ಅವರ ತೋಳು!"

ಮರುದಿನ ಇಸಿದ್ರೊ ಸೀಮೆಎಣ್ಣೆ ಹಾಕಿ ಕೆರೆದ, ಒರೆಸಿದ, ಮೇಣ ಬಳಿದ, ಸಿಪ್ಪೆಯ ಮೇಲೆ ಕಾಲಿಟ್ಟ. ಕಿಟಕಿಯಲ್ಲಿ ಇಣುಕಿದ ಸೆಲಿಂಗ್ ಅಜ್ಜಿ, "ಎಂಥ ಗಂಡನೇ! ನೀನು ಪುಣ್ಯವಂತೆ!" ಎಂದು ಉದ್ಗರಿಸಿದರು. ಇಸಿದ್ರೊನ ಎದೆ ಉಬ್ಬಿತು. ಸೊಂಟ ಮಾತ್ರ ಹಿಡಿದುಕೊಂಡಿತು.

"ನಾನು ತಿಕ್ಕುವಾಗ ಇವರನ್ನ ಯಾರೂ ಪುಣ್ಯವಂತ ಅನ್ನಲಿಲ್ವಲ್ಲ ಅಜ್ಜಿ!" ಎಂದಳು ಪುರಿಂಗ್, ಕುರ್ಚಿಯಲ್ಲಿ ಕೂತು ಅಕ್ಕಿ ಕೇಕ್ ತಿನ್ನುತ್ತಾ.

"ಇನ್ನೂ ಎಷ್ಟು ತಿಕ್ಕಬೇಕೇ?" ಇಸಿದ್ರೊ ಏದುಸಿರುಬಿಟ್ಟ.

"ಮುಖ ಕಾಣೋವರೆಗೆ."

"ಕಾಣ್ತಿದೆಯಲ್ಲೇ!"

ಪುರಿಂಗ್ ಬಾಚಣಿಗೆ ಹಿಡಿದು ನೆಲದತ್ತ ಬಗ್ಗಿದಳು. "ನಿಮ್ಮದು ಕಾಣ್ತಿದೆ. ನಂದು ಕಾಣೋವರೆಗೂ ತಿಕ್ಕಿ."