ಬೈಕಿನ ವಿಭಕ್ತಿ ಪಲ್ಲಟ

ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಇಂಡಿಕೇಟರ್ ಹಾಕಿದರೆ ಹೆಡ್‌ಲೈಟು ಮಂಕಾಗುತ್ತದೆ, ಬ್ರೇಕ್ ತುಳಿದರೆ ಹಾರ್ನ್ ನರಳುತ್ತದೆ. ಇಂಥ ಬೈಕ್ ಇಟ್ಟುಕೊಂಡು ಶಿಕಾರಿಪುರದಲ್ಲಿ ಮರ್ಯಾದೆಯಿಂದ ಬದುಕುವುದು ಹೇಗೆ ಎಂಬುದು ಹೈಸ್ಕೂಲಿನ ಕನ್ನಡ ಮೇಷ್ಟ್ರು ಮಾಲತೇಶ್ ಅವರ ಚಿಂತೆ. ಹಿಂದಿನ ದಿನವಷ್ಟೇ ಬಸ್ ಸ್ಟ್ಯಾಂಡ್ ಎದುರಿನ ರಸ್ತೆ ಹಂಪಿನಲ್ಲಿ ಬ್ರೇಕ್ ತುಳಿದಾಗ, ಮುಂದೆ ನಡೆದು ಹೋಗುತ್ತಿದ್ದ ಹೆಡ್‌ಮೇಡಂ ಬೆಚ್ಚಿ ತಿರುಗಿ ನೋಡಿದ್ದರು. ಮೇಷ್ಟ್ರು ಕ್ಷಮೆ ಕೇಳಲು ಕೈ ಮುಗಿದರು. (ಎರಡೂ ಕೈ ಮುಗಿದದ್ದರಿಂದ ಬೈಕು ಚರಂಡಿಯ ಕಡೆ ಹೊರಟಿತು. ಅದನ್ನು ಇಲ್ಲಿ ವಿಸ್ತರಿಸುವುದು ಬೇಡ.)

ಬೈಕು ಅವರ ಮದುವೆಗಿಂತ ಹಳೆಯದು. ಹೆಂಡತಿ ನಾಗಶ್ರೀಯನ್ನು ಸೊರಬದಿಂದ ಮೊದಲ ಸಲ ಕರೆತಂದದ್ದು ಇದರ ಮೇಲೆಯೇ. ಈ ಸಲದ ಆಯುಧಪೂಜೆಗೆ ಮೇಷ್ಟ್ರು ಸೀಟು, ಬ್ಯಾಟರಿ ಎಲ್ಲ ಬಿಚ್ಚಿ ತೊಳೆದು, ಮನೆಯ ಗೇಟಿಗೆ ಬಳಿದು ಉಳಿದಿದ್ದ ಹಸಿರು ಪೇಂಟನ್ನು ತುಕ್ಕು ಕಂಡಲ್ಲೆಲ್ಲ ಸ್ವಹಸ್ತದಿಂದ ಬಳಿದು ಮತ್ತೆ ಜೋಡಿಸಿದ್ದರು. ಪೂಜೆಯ ಕುಂಬಳಕಾಯಿ ಒಡೆದ ಮಾರನೆಯ ದಿನದಿಂದಲೇ ಕಾಟ ಶುರು.

"ಇದು ವಿಭಕ್ತಿ ಪಲ್ಲಟ ಕಣೇ," ಎಂದರು ಮೇಷ್ಟ್ರು, ಅಂಗಳದಲ್ಲಿ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು. "ಒಂದು ವಿಭಕ್ತಿ ಇರೋ ಕಡೆ ಇನ್ನೊಂದು ಬಂದು ಕೂತೈತಿ. ಹಾರ್ನು ಕರೀದೆ ಬರ್ತತಿ, ಅದು ಆಗಮ. ಹೆಡ್‌ಲೈಟಿಂದು ಲೋಪ."

"ಭಾನುವಾರ ಮೇಘನಾನ ಸೀಮಂತ," ಎಂದಳು ನಾಗಶ್ರೀ, ಬಟ್ಟೆ ಹರವುತ್ತ. "ಅದು ನೆನಪೈತೋ, ಅದೂ ಲೋಪನೋ?"

ನೆನಪಿತ್ತು. ನಾಗಶ್ರೀಯ ತಾಯಿ ತೀರಿಕೊಂಡಾಗ ಮೇಘನಾ ಇನ್ನೂ ಲಂಗ ತೊಡುವ ಹುಡುಗಿ. ತಂಗಿಯ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕನೇ. ಈಗ ಸೊರಬದ ತವರಿನಲ್ಲಿ ಸೀಮಂತ, ತಾಯಿಯ ಬದಲಿಗೆ ಮೊದಲ ಬಳೆ ತೊಡಿಸಬೇಕಾದವಳೂ ಅಕ್ಕನೇ. ಶಿರಾಳಕೊಪ್ಪದ ಸಂತೆಗೆ ಹೋಗಿ, ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಆರಿಸಿ ತಂದು, ಹಳೆಯ ಸೆರಗಿನ ತುಂಡಿನಲ್ಲಿ ಸುತ್ತಿಟ್ಟಿದ್ದಳು.

ಮೇಷ್ಟ್ರು ಬೈಕಿನ ವಿಷಯವಾಗಿ ಭಾವಮೈದುನ ಚನ್ನೇಶನಿಗೆ ವಾಟ್ಸಾಪಿನಲ್ಲಿ ಬರೆದರು. ಚನ್ನೇಶನದು ಸೊರಬದಲ್ಲಿ ಶಾಮಿಯಾನ, ಮೈಕ್‌ಸೆಟ್ಟಿನ ಅಂಗಡಿ. ತಂದೆಯ ಕಾಲದಿಂದ ವೈರುಗಳ ಮಧ್ಯೆ ಬೆಳೆದವನು. ಮೇಷ್ಟ್ರ ಬರಹ ಮೊಬೈಲಿನ ಪರದೆ ತುಂಬಿ ಕೆಳಗಿಳಿಯಿತು: 'ಸದರಿ ವಾಹನದ ವಿದ್ಯುದಂಗಗಳು ಪರಸ್ಪರ ಕರ್ತವ್ಯಗಳನ್ನು ಅಪಹರಿಸಿ ವಿಭಕ್ತಿ ಪಲ್ಲಟವನ್ನು ಪ್ರದರ್ಶಿಸುತ್ತಿವೆ...'

ಉತ್ತರ ತಕ್ಷಣ ಬಂತು. 'ಅರ್ಥ ಆಗಿಲ್ಲ ಭಾವ.'

ಪಾಪ, ಹುಡುಗ ಪಿಯುಸಿಗೇ ಓದು ಬಿಟ್ಟವನು ಎಂದು ಮೇಷ್ಟ್ರು ಕನಿಕರದಿಂದ ಇನ್ನೊಮ್ಮೆ ಬಿಡಿಸಿ ಬರೆದರು. ಉತ್ತರ: 'ಗ್ಯಾರಂಟಿ ಅರ್ಥ ಆಗಿಲ್ಲ. ಅರ್ಥ ಸರಿಯಾಗಿ ಕೊಡಿ ಭಾವ, ಎಲ್ಲ ಸರಿಹೋಗುತ್ತೆ.'

ಮೇಷ್ಟ್ರು ಅರ್ಥ ಕೊಟ್ಟರು. ಪಲ್ಲಟ ಎಂದರೆ ಸ್ಥಾನ ಬದಲಾವಣೆ, ಅಪಹರಿಸು ಎಂದರೆ ಕದಿ, ಸದರಿ ಎಂದರೆ ಮೇಲೆ ಹೇಳಿದ. ಪಾಠದ ಕೊನೆಯಲ್ಲಿ ಕಠಿಣ ಪದಗಳಿಗೆ ಕೊಡುವಂತೆಯೇ.

ಬಹಳ ಹೊತ್ತಿನ ಮೇಲೆ ಚನ್ನೇಶ ಬರೆದ. 'ಇಷ್ಟೆಲ್ಲ ಬೇಡ ಭಾವ. ಅರ್ಥ ಒಂದು ಆಗಿದ್ರೆ ಈ ತೊಂದ್ರೆನೇ ಇರ್ತಿರಲಿಲ್ಲ.'

ಮೇಷ್ಟ್ರು ಮೊಬೈಲನ್ನು ಮಗುಚಿ ಇಟ್ಟರು. ಅಂದಿನಿಂದ ಚನ್ನೇಶನ ಫೋನು ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ನಾಗಶ್ರೀ ರೇಷ್ಮೆ ಸೀರೆಯುಟ್ಟು, ಬಳೆಯ ಗಂಟನ್ನು ಎದೆಗೆ ಅವುಚಿಕೊಂಡು ಬಾಗಿಲಿಗೆ ಬಂದಳು. "ರೀ, ಬಸ್ಸಿಗೆ ಹೋಗಾಣ."

"ಬಸ್ಸಾ? ಬಸ್ಸಿಂದ ಇಳಿದ್ರೆ ನಿನ್ನ ತಮ್ಮ ಬಾಗ್ಲಲ್ಲೇ ನಗ್ತಾನೆ."

"ಅವನ್ಯಾಕೆ ನಗ್ತಾನ್ರೀ?"

"ಭಾವಂಗೆ ಬರಿಯಕ್ಕೂ ಬರಲ್ಲ, ಬೈಕೂ ಬರಲ್ಲ ಅಂತ! ನನ್ನ ಕನ್ನಡ ಅವನಿಗೆ ಅರ್ಥ ಆಗಲ್ವಂತೆ."

"ನೀವು ಬರ್ದಿದ್ದು ನಂಗೂ ಆಗಲ್ಲ ಬಿಡ್ರಿ. ಅದ್ಕೆ ಬಸ್ಸಿನ ಮೇಲೆ ಯಾಕೆ ಸಿಟ್ಟು?"

ಆದರೂ ಹತ್ತಿದಳು. ಬೈಕಿಗೂ ಅವತ್ತು ಹುಮ್ಮಸ್ಸು. ಶಿರಾಳಕೊಪ್ಪ ದಾಟುವವರೆಗೆ ಒಂದೇ ಒಂದು ತಪ್ಪು ಮಾಡಲಿಲ್ಲ. "ನೋಡಿದ್ಯಾ?" ಎಂದರು ಮೇಷ್ಟ್ರು ಬೆನ್ನ ಹಿಂದಕ್ಕೆ. ಬೈಕು ಆ ಮಾತಿಗೇ ಕಾದಿದ್ದಂತೆ ಒಮ್ಮೆ ನರಳಿ, ಗೋವಿನಜೋಳದ ಹೊಲವೊಂದರ ಪಕ್ಕ ನಿಂತುಬಿಟ್ಟಿತು.

ಮೇಷ್ಟ್ರು ಕಿಕ್ ಹೊಡೆದರು. ಪ್ಲಗ್ ಬಿಚ್ಚಿ ಒರೆಸಿದರು. ಫ್ಯೂಸನ್ನು ಸೂರ್ಯನಿಗೆ ಹಿಡಿದು ನೋಡಿದರು. ಹಾರ್ನ್ ಮಾತ್ರ ಆಗಾಗ ಸಣ್ಣಗೆ ಕೊಂಯ್ ಎನ್ನುತ್ತಿತ್ತು, ನಿದ್ದೆಯಲ್ಲಿ ಮಾತಾಡುವವರ ಹಾಗೆ.

ಅಷ್ಟರಲ್ಲಿ ಸೊರಬದ ಬಸ್ಸು ಬಂತು. ನಾಗಶ್ರೀ ಕೈ ಎತ್ತಿದಳು; ಬಸ್ಸು ನಿಧಾನವಾಯಿತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ನೋಡಿದ.

"ಬೇಡ, ಬೇಡ! ಆಯ್ತು, ಎರಡೇ ನಿಮಿಷ!" ಮೇಷ್ಟ್ರು ಸ್ಪ್ಯಾನರ್ ಹಿಡಿದ ಕೈಯನ್ನು ಜೋರಾಗಿ ಬೀಸಿದರು.

"ರೈಟ್!" ಎಂದ ಕಂಡಕ್ಟರ್.

ನಾಗಶ್ರೀಯ ಕೈ ಇನ್ನೂ ಮೇಲಿತ್ತು. ಧೂಳು ಅಡಗುವವರೆಗೆ ಹಾಗೆಯೇ ಇದ್ದು ಆಮೇಲೆ ಇಳಿಯಿತು. ಅವಳು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

ಮೇಷ್ಟ್ರ ಫೋನು ಹೊಡೆದುಕೊಂಡಿತು. ಅವರ ಕೈಗೆ ಗ್ರೀಸು ಮೆತ್ತಿತ್ತು, ನಾಗಶ್ರೀ ಎತ್ತಿದಳು. ಮೇಘನಾ. "ಅಕ್ಕಾ, ಎಲ್ಲಿದೀಯೇ? ನಮ್ಮತ್ತೆ ಕಡೆಯೋರು ಹೊತ್ತು ಮೀರ್ತದೆ ಅಂತಿದಾರೆ. ಅಣ್ಣನ್ನ ಕಳಿಸ್ಲಾ ಕರ್ಕಂಡ್ ಬರಕ್ಕೆ?"

ಮೇಷ್ಟ್ರು ತಲೆಯಾಡಿಸಿದರು. "ಬೇಡ ಅನ್ನು. ಹೊರಟೇಬಿಟ್ವಿ ಅನ್ನು."

ನಾಗಶ್ರೀ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. "ಹೊರಟ್ವಿ ಪುಟ್ಟಿ," ಎಂದಳು.

ಫೋನು ಇಟ್ಟಾಗ ಪರದೆಯ ಮೇಲೆ ಚನ್ನೇಶನ ಹೆಸರಿನಲ್ಲಿ ಓದದೇ ಬಿಟ್ಟ ಸಂದೇಶವಿತ್ತು. ಒತ್ತಿದಳು. ಮೇಲಿನಿಂದ ಕೆಳಗೆ ಎಲ್ಲ ಓದಿದಳು. ಪಲ್ಲಟದ ಅರ್ಥವನ್ನೂ ಓದಿದಳು. ನಗು ಬಂತು. ಆ ನಗು ಅರ್ಧದಲ್ಲೇ ಇಂಗಿಹೋಯಿತು.

"ರೀ. ಇದು ಅರ್ಥ ಅಲ್ರೀ. ಅರ್ಥ್."

"ಏನು?"

"ಅರ್ಥ್ ವೈರು! ಬ್ಯಾಟರಿಯಿಂದ ಬೈಕಿನ ಕಬ್ಬಿಣಕ್ಕೆ ಕಟ್ಟಿರ್ತಾರಲ್ಲ, ಕರೆಂಟು ವಾಪಸ್ ಹೋಗೋ ದಾರಿ. ಅದು ಸರಿಯಾಗಿ ತಾಗಿಲ್ಲ ಅಂದ್ರೆ ದಾರಿ ತಪ್ಪಿದ ಕರೆಂಟು ಕಂಡಲ್ಲೆಲ್ಲ ನುಗ್ತತಿ. ನಮ್ಮಪ್ಪ ಮೈಕು ಗುಂಯ್ ಅಂದಾಗೆಲ್ಲ ಅರ್ಥ್ ಆಗಿಲ್ಲ, ಅರ್ಥ್ ಆಗಿಲ್ಲ ಅಂತಲೇ ಕೂಗ್ತಿದ್ರು. ಚನ್ನೇಶ ಮೊದಲನೇ ಸಾಲಲ್ಲೇ ಹೇಳಿದಾನೆ."

"ಅರ್ಥ್ ಅಂತ ಬರೆಯೋವಾಗ ಥ ಅರ್ಧಾಕ್ಷರ ಆಗಬೇಕು!" ಎಂದರು ಮೇಷ್ಟ್ರು. ಅವರ ಪರವಾಗಿ ಇದ್ದ ವಾದ ಅದೊಂದೇ.

ಸೀಟು ಎತ್ತಿದರು. ಬ್ಯಾಟರಿಯ ಕಪ್ಪು ವೈರು ಬೋಲ್ಟಿಗೆ ಭದ್ರವಾಗಿಯೇ ಇತ್ತು. ಬೋಲ್ಟಿನ ಕೆಳಗೆ, ಕಬ್ಬಿಣ ಕಾಣಬೇಕಾದ ಕಡೆ, ಗೇಟಿನ ಹಸಿರು ಬಣ್ಣ ದಪ್ಪಗೆ, ನುಣ್ಣಗೆ, ಒಂದು ಚೂರೂ ಬಿಟ್ಟುಹೋಗದಂತೆ ಬಳಿದುಕೊಂಡಿತ್ತು. ಮೇಷ್ಟ್ರು ಮನೆ ಕೀಲಿಯಿಂದ ಅದನ್ನು ಕೆರೆದು, ವೈರು ಕಟ್ಟಿ ಕಿಕ್ ಹೊಡೆದರು. ಬೈಕು ಒಂದೇ ಏಟಿಗೆ ಎದ್ದಿತು. ಹಾರ್ನ್ ಹಾರ್ನಿನಂತೆ ಕೂಗಿತು.

ಸೊರಬ ತಲುಪಿದಾಗ ಆರತಿ ಮುಗಿದಿತ್ತು. ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದರು. ಮೇಘನಾ ಚಾಪೆಯ ಮೇಲೆ ಹೂ ಮುಡಿದು ಕೂತಿದ್ದಳು, ಎರಡೂ ಕೈ ತುಂಬ ಹಸಿರು. ಅವಳ ಅತ್ತೆಯ ಅಕ್ಕ ಮೊದಲ ಬಳೆ ತೊಡಿಸಿದ್ದರಂತೆ. ಹೊತ್ತು ಮೀರುತ್ತಿತ್ತು, ಯಾರ ತಪ್ಪೂ ಅಲ್ಲ ಎಂದು ಎಲ್ಲರೂ ಹೇಳಿದರು. ಮೇಷ್ಟ್ರು ಬಾಗಿಲ ಬಳಿ ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತರು.

ನಾಗಶ್ರೀ ಗಂಟು ಬಿಚ್ಚಿದಳು. ಜಾಗ ಉಳಿದಿದ್ದದ್ದು ಮಣಿಕಟ್ಟಿನಲ್ಲಿ, ಕೈಗೆ ಒಂದೊಂದು ಬಳೆಗೆ ಮಾತ್ರ. ಮೊದಲ ಬಳೆ ತೊಡಿಸಬೇಕಾದವಳು ಕೊನೆಯ ಬಳೆ ತೊಡಿಸಿದಳು.

"ಒಳ್ಳೇದೇ ಆಯ್ತಲ್ಲಕ್ಕ," ಎಂದಳು ಮೇಘನಾ, ಅಕ್ಕನ ಬೆರಳು ಹಿಡಿದು. "ಮೊದ್ಲಿಂದು ಮೇಲೆ ಹೋಗಿ ಮುಚ್ಚೋಯ್ತು. ನಿಂದೇ ಮುಂದೆ ಕಾಣ್ತದೆ ನೋಡು."

"ಹೌದಲ್ಲ," ಎಂದು ನಾಗಶ್ರೀ ನಕ್ಕಳು. ಆ ನಗುವನ್ನು ಮೇಷ್ಟ್ರು ನೋಡಬಾರದಿತ್ತು, ನೋಡಿಬಿಟ್ಟರು.

ಊಟವಾದ ಮೇಲೆ ಮೇಷ್ಟ್ರು ಬೈಕು ತಿರುಗಿಸಿ ಸೀಟು ಒರೆಸಿ ಕಾದರು. ನಾಗಶ್ರೀ ಚೀಲ ಹಿಡಿದು ಬಂದಳು. "ಬೆನ್ನು ನೋಯ್ತೈತಿ. ನಾನು ಬಸ್ಸಿಗೆ ಬರ್ತೀನಿ. ನೀವು ನಿಧಾನ ಬರ್ರಿ," ಎಂದಳು, ಸಿಟ್ಟೇ ಇಲ್ಲದ ದನಿಯಲ್ಲಿ.

ಹೀಗೆ ಸಂಜೆಯ ಬಿಸಿಲಿನಲ್ಲಿ ಶಿಕಾರಿಪುರದ ಬಸ್ಸಿನ ಹಿಂದೆ ಒಂದು ಬೈಕು ಹೊರಟಿತು. ಬಸ್ಸು ನಿಂತಲ್ಲಿ ನಿಂತಿತು, ಹೊರಟಾಗ ಹೊರಟಿತು. ಹಿಂದಿನ ಗಾಜಿನಲ್ಲಿ ನಾಗಶ್ರೀಯ ಜಡೆ, ಅದರಲ್ಲಿ ಸೀಮಂತದ ಮಲ್ಲಿಗೆ ಕಾಣುತ್ತಿತ್ತು. ಅವಳು ತಿರುಗಿ ನೋಡಲೆಂದು ಮೇಷ್ಟ್ರು ಮೆಲ್ಲಗೆ ಹಾರ್ನ್ ಒತ್ತಿದರು. ಜಡೆ ಅಲುಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಒತ್ತಿದರು.

ಕಂಡಕ್ಟರ್ ಬಾಗಿಲಿಂದ ತಲೆ ಹೊರಹಾಕಿದ. "ಏನ್ರೀ ಅದು ಆಗ್ಲಿಂದ ಪೀಂ ಪೀಂ? ಸೈಡ್ ಕೊಟ್ವಲ್ಲ, ಹೋಗ್ರಿ ಮುಂದೆ!"

ಬಸ್ಸು ಎಡಕ್ಕೆ ಸರಿದು ಇಡೀ ರಸ್ತೆಯನ್ನು ಬಿಟ್ಟುಕೊಟ್ಟಿತು. ಬೈಕು ಹಿಂದೆಂದೂ ಓಡದಷ್ಟು ಚೆನ್ನಾಗಿ ಓಡುತ್ತಿತ್ತು. ಮುಂದೆ ಹೋಗದಿರಲು ಮೇಷ್ಟ್ರಿಗೆ ಒಂದು ನೆಪವೂ ಉಳಿದಿರಲಿಲ್ಲ.