ಚಿಮಣಿಯಪ್ಪನ ಸೊನ್ನೆ

ಹೆಂಡತಿಯ ಮಾತಿಗೆ ಹೂಂ ಅಂದದ್ದೇ ತಪ್ಪಾಯಿತು. ಮೈ ಬೆಚ್ಚಗಿದೆ, ಗಂಟೆಗೊಮ್ಮೆ ಜ್ವರ ನೋಡಿಕೊಳ್ಳಿ ಎಂದು ಅವಳು ಹಳೇ ಪಾದರಸದ ಥರ್ಮಾಮೀಟರನ್ನು ಅವನ ಅಂಗಿ ಜೇಬಿಗೆ ತುರುಕಿದಳು. ವಿದ್ಯುತ್ ಸ್ಥಾವರದಲ್ಲಿ ಎಲ್ಲರೂ ಚಿಮಣಿಯಪ್ಪ ಅಂತಲೇ ಕರೆಯುವ ಈ ಮಹಾನುಭಾವ ಹಾಗೇ ಕೆಲಸಕ್ಕೆ ಹೊರಟ.

ಕೆಲಸವೇನು ಅಂತೀರಾ? ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಇದ್ದಿಲ ಪುಡಿ ತುಂಬಿದ ಬೆರಳುದ್ದದ ಗಾಜಿನ ನಳಿಕೆಯನ್ನು ಚಿಮಣಿಯೊಳಗೆ ಇಳಿಬಿಡುವುದು. ಹೊಗೆಯಲ್ಲಿರುವ ಪಾದರಸವನ್ನು ಅದು ವಾರವಿಡೀ ಹೀರಿಕೊಳ್ಳುತ್ತದೆ. ಆಮೇಲೆ ತಂದು ಲ್ಯಾಬಿನಲ್ಲಿ ಅಳೆಸಬೇಕು, ಪಾದರಸದ ಅಂಕಿ ಹತ್ತು ದಾಟಬಾರದು. ಹನ್ನೊಂದು ವರ್ಷ ಹತ್ತಿಳಿದು ಪಾಪ, ಮಂಡಿ ಎರಡೂ ಸವೆದಿದ್ದವು. ಇವತ್ತಿನ ತಪಾಸಣೆ ಪಾಸಾದರೆ ಗೇಟಿನ ಪಕ್ಕದ ಟಪಾಲು ಕೋಣೆಯ ಕುರ್ಚಿ ನಿನಗೇ ಅಂತ ಮ್ಯಾನೇಜರು ಮಾತು ಕೊಟ್ಟಿದ್ದರು. ಮೆತ್ತೆ, ಫ್ಯಾನು, ದಿನಕ್ಕೆ ಮೂರು ಕಾಗದ. ಅವನಿಗೆ ರಾತ್ರಿಯೆಲ್ಲ ಅದೇ ಕನಸು.

ಆ ಸಂಭ್ರಮದಲ್ಲಿ ನಳಿಕೆಯ ಡಬ್ಬಿ ಮರೆತ. ಮೇಲೆ ಹತ್ತಿ, ವಾರ ತುಂಬಿದ ನಳಿಕೆಯನ್ನು ಹೊರತೆಗೆದು ಅದನ್ನೂ ಜೇಬಿಗೇ ಇಳಿಸಿ ಕೆಳಗಿಳಿಯುವಾಗ ಕೊನೇ ಮೆಟ್ಟಿಲಲ್ಲಿ ಮುಗ್ಗರಿಸಿ ಕಂಬಿಗೆ ಎದೆ ಬಡಿಸಿಕೊಂಡ. ಥರ್ಮಾಮೀಟರು ಚಟ್ ಅಂತು. ನಳಿಕೆ ಒಡೆಯಲಿಲ್ಲ, ಆದರೆ ಮುಚ್ಚಳ ಕಳಚಿ ಪಾದರಸದ ಮಣಿಗಳು ಒಳಗೆ ಸೇರಿಕೊಂಡಿದ್ದವು. ಈಗ ಅಳೆದರೆ ಹತ್ತಲ್ಲ, ಹತ್ತು ಸಾವಿರ ಬಂದೀತು.

ಊರಿಗೆಲ್ಲ ಉಪಾಯ ಹೇಳುವ ಸ್ಟೋರ್ ಕೀಪರು ಅಲ್ಲೇ ಇದ್ದ. ಇಷ್ಟಕ್ಕೆಲ್ಲ ಅಳ್ತಾರೇನಯ್ಯ ಎಂದು ಹೊಸ ನಳಿಕೆ ತಂದುಕೊಟ್ಟ. ಬಾಯ್ಲರಿನವನು ಓಡಿಬಂದು, ತೀರಾ ಹೊಸದರ ಹಾಗಿದೆ ಎಂದು ಅದಕ್ಕೆ ಬೂದಿ ಬಳಿದ. ಬೇಡ ಬೇಡ ಅನ್ನುತ್ತಲೇ ಚಿಮಣಿಯಪ್ಪ ಅದನ್ನು ಲ್ಯಾಬಿಗೆ ಒಯ್ದ.

ಯಂತ್ರ ತೋರಿಸಿದ್ದು ಸೊನ್ನೆ. ಮ್ಯಾನೇಜರು ಕೈ ಚಪ್ಪಾಳೆಗೆ ಎತ್ತಿದವರು, ತಪಾಸಣೆಗೆ ಬಂದ ಮೇಡಮ್ಮಿನ ಮುಖ ನೋಡಿ ಇಳಿಸಿದರು.

"ಸೊನ್ನೆ ಹೇಗೆ ಬರುತ್ತೆ? ನೀವು ಕಲ್ಲಿದ್ದಲು ಉರಿಸ್ತೀರೋ, ಗಾಳಿ ಉರಿಸ್ತೀರೋ?" ಎಂದು ಕೇಳಿದ ಅವರು, ಹೊಗೆಗೆ ಇದ್ದಿಲ ಪುಡಿ ಊದಿ ಪಾದರಸ ಹಿಡಿಯುವ ವಿಭಾಗದ ಅಕ್ಕನ ಕಡೆ ತಿರುಗಿದರು. ಮೋಸ ಮಾಡಿದ್ದು ನೀವೇ ಇರಬೇಕು, ನಿಮ್ಮನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದರು. ಹಗಲೂ ಇರುಳೂ ದುಡಿದು ಅಳತೆಯನ್ನು ನಾಲ್ಕಕ್ಕೆ ಇಳಿಸಿದ್ದ ಹೆಂಗಸು ಅದು. ಅವಳ ಕಣ್ಣಲ್ಲಿ ನೀರು ಬಂತು.

ಚಿಮಣಿಯಪ್ಪನಿಗೆ ತಡೆಯಲಾಗಲಿಲ್ಲ. ಕುರ್ಚಿ ಹೋದರೆ ಹೋಗಲಿ ಎಂದು ಥರ್ಮಾಮೀಟರಿನಿಂದ ಬೂದಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, ಕಣ್ಣು ಮುಚ್ಚಿ ನಿಂತ.

ಬೈಗುಳ ಬರಲಿಲ್ಲ. ಮೇಡಮ್ಮು ಕನ್ನಡಕ ತೆಗೆದು ಒರೆಸಿಕೊಂಡರು.

"ಇಪ್ಪತ್ತು ವರ್ಷದ ಸರ್ವಿಸಲ್ಲಿ ತಾನಾಗೇ ನಿಜ ಹೇಳಿದವರನ್ನ ಇವತ್ತೇ ನೋಡಿದ್ದು. ಇಂಥವರೇ ಆ ಚಿಮಣಿ ಮೇಲಿರಬೇಕು. ರಿಟೈರ್ ಆಗೋವರೆಗೂ ಇವರನ್ನ ಅಲ್ಲಿಂದ ಕದಲಿಸಬೇಡಿ. ಬರೆದುಕೊಳ್ಳಿ."

ಮ್ಯಾನೇಜರು ಬರೆದುಕೊಂಡರು. ಬಾಯ್ಲರಿನವನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಸ್ಟೋರ್ ಕೀಪರನನ್ನು ಮಾತ್ರ ಅಳತೆಯ ಸಾಮಾನು ಯಾವುದೂ ಕೈಗೆ ಸಿಗದ ಜಾಗಕ್ಕೆ ಇವತ್ತೇ ಹಾಕಬೇಕೆಂದು ಆಜ್ಞೆಯಾಯಿತು. ಇಡೀ ಸ್ಥಾವರದಲ್ಲಿ ಅಂಥ ಜಾಗ ಇದ್ದದ್ದು ಒಂದೇ.

ಮಧ್ಯಾಹ್ನ ಹೊಸ ನಳಿಕೆ ಹಿಡಿದು, ಮಂಡಿ ನೀವಿಕೊಳ್ಳುತ್ತಾ ಚಿಮಣಿಯಪ್ಪ ಟಪಾಲು ಕೋಣೆಯ ಮುಂದೆ ಹಾದುಹೋದ. ಒಳಗೆ ಸ್ಟೋರ್ ಕೀಪರು ಮೆತ್ತೆ ತಟ್ಟಿ ಕೂತು ಫ್ಯಾನು ಹಾಕಿಕೊಂಡ.

"ಏನ್ಮಾಡೋದು ಮಹಾರಾಯ, ಶಿಕ್ಷೆ. ಅನುಭವಿಸಲೇಬೇಕಲ್ಲ" ಅಂದ.