ಪೇಪರ್ ನಂಬದ ಪ್ರೆಸ್ಸಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಇಡೀ ಜಗತ್ತಿನಲ್ಲಿ ನಂಬುವುದು ಒಂದನ್ನೇ, ತಮ್ಮ ಹೆಬ್ಬೆರಳನ್ನು! ಮಿಲಿಟರಿಯಿಂದ ಬಂದ ಮೇಲೆ ಕೋಲಾರದ ಒಂದು ಪತ್ರಿಕೆಯ ಪ್ರೆಸ್ಸಿಗೆ ಸೇರಿ, ತಲೆ ಬೆಳ್ಳಗಾಗುವವರೆಗೂ ಪೇಪರು ಅಚ್ಚು ಹಾಕಿದವರು. ಅಚ್ಚಾದ ಏನನ್ನೇ ಕೊಡಿ, ಮೊದಲು ಹೆಬ್ಬೆರಳಿನಿಂದ ಉಜ್ಜಿ, ಮೂಸಿ, ಆಮೇಲೆ ಓದುತ್ತಾರೆ. ಓದಿದ ಮೇಲೂ ನಂಬುವುದಿಲ್ಲ ಅನ್ನಿ! ಫೋನಿನ ಸುದ್ದಿಯೇ? ಉಜ್ಜಲು ಇಂಕೇ ಇಲ್ಲದ್ದನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ.

ಒಮ್ಮೆ ಮುಳಬಾಗಿಲಿನ ನೆಂಟರೊಬ್ಬರು ಮಗಳ ಲಗ್ನಪತ್ರಿಕೆ ಕೊಡಲು ಬಂದರು. ಚಿಕ್ಕಪ್ಪ ಉಜ್ಜಿದರು. ಬೆರಳು ಕೆಂಪಾಯಿತು.

"ಇಂಕೇ ಒಣಗಿಲ್ಲ. ಇಷ್ಟು ಅವಸರದ ಮದುವೇನಾ? ಏನೋ ಇದೆ!"

ನೆಂಟರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ಮದುವೆಗೆ ನಾವು ಯಾವ ಮುಖ ಇಟ್ಟುಕೊಂಡು ಹೋಗುವುದು ಹೇಳಿ!

ಯಲ್ದೂರಿನಿಂದ ಯಾರಾದರೂ ಪೇಪರಿನಲ್ಲಿ ಸುತ್ತಿ ಮಾವಿನಹಣ್ಣು ಕಳಿಸಿದರೆ ಹಣ್ಣು ನಮಗೆ, ಪೇಪರು ಅವರಿಗೆ. "ನೋಡೋ, ಬಣ್ಣ ಪಕ್ಕಕ್ಕೆ ಸರಿದು ಮಂತ್ರಿಗೆ ನಾಲ್ಕು ತುಟಿ! ಎರಡು ತುಟೀಲೇ ಅಷ್ಟು ಸುಳ್ಳು ಹೇಳೋನು..."

ಇಂಥವರು ಶ್ರೀನಿವಾಸಪುರದ ತಮ್ಮ ಮನೆಗೆ ಪೇಪರು ಹಾಕಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲೇ ಓದಿ, ಮನೆಗೆ ತಂದು ಎಸೆಯುತ್ತಾರೆ. "ಥೂ, ಇದೂ ಒಂದು ಪ್ರಿಂಟಾ!" ಎಂಬ ಬೈಗುಳ ಗೇಟಿನಿಂದಲೇ ಶುರು. ಚಿಕ್ಕಮ್ಮನಿಗೆ ಪೇಪರು ಸಿಗುವುದು ಆಮೇಲೆ. ಮನೆಯಲ್ಲೇ ಕೂತು ಓದಿದರೆ ಏನು ಕಷ್ಟ? ಎದುರು ಮನೆಯ ನನಗೂ ಅವರ ಗಾಳಿ ಬಡಿದು ಅನುಮಾನ ಹುಟ್ಟಿತು. ಒಂದು ಬೆಳಿಗ್ಗೆ ಹಿಂದೆಯೇ ಹೋದೆ.

ಬಸ್ಸಿನಿಂದ ಬಂಡಲ್ ಇಳಿಯಿತು. "ಏಮಪ್ಪಾ ಮಿಲಿಟ್ರಿ, ಇವತ್ತೇನು ತಪ್ಪು ಹಿಡೀತೀಯಾ?" ಎಂದ ಏಜೆಂಟ್. ಚಿಕ್ಕಪ್ಪ ಒಂದು ಪೇಪರು ಎಳೆದುಕೊಂಡರು. ಉಜ್ಜಲಿಲ್ಲ, ಮೂಸಲೂ ಇಲ್ಲ! ಗಡಿಯ ಸುದ್ದಿ ಇದ್ದ ಪುಟ ಹುಡುಕಿ, ಒಂದೊಂದೇ ಸಾಲಿನ ಮೇಲೆ ಹೆಬ್ಬೆರಳಿಟ್ಟು ಓದಿದರು. ಅವರ ಒಬ್ಬನೇ ಮಗ ಈಗ ಗಡಿಯಲ್ಲಿದ್ದಾನೆ.

ನನ್ನನ್ನು ಕಂಡು ಗದರಿದರು. "ಏನ್ಲಾ, ನನ್ನ ಮೇಲೇ ಅನುಮಾನಾನಾ?" ಆಮೇಲೆ ಮೆತ್ತಗೆ ಹೇಳಿದರು. "ಒಂದು ಸಲ ಗಡೀಲಿ ಸತ್ತ ಒಬ್ಬ ಜವಾನನ ಹೆಸರು ನನ್ನ ಮಿಷನ್ನಲ್ಲೇ ಅಚ್ಚಾಯ್ತು ಕಣೋ. ಅವನ ತಾಯಿಗೆ ಪೇಪರ್ ನೋಡೇ ಗೊತ್ತಾಗಿದ್ದು. ನಿಮ್ಮ ಚಿಕ್ಕಮ್ಮಂಗೆ ಹಂಗಾಗಬಾರದು. ಅವಳಿಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದಾಗ ಚಿಕ್ಕಮ್ಮ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಒಲೆ ಹಚ್ಚದೆ ಸುಮ್ಮನೆ ನಿಂತಿದ್ದರು. ಗೇಟು ಸದ್ದಾಯಿತು.

"ಥೂ, ಮಸಿ ಹೆಂಗೆ ಬಳಿದವ್ರೆ ನೋಡು!"

ಚಿಕ್ಕಮ್ಮ ಉಸಿರು ಬಿಟ್ಟು ಒಲೆ ಹಚ್ಚಿದರು.

"ಬೈಕೊಂಡು ಬಂದ್ರು ಕಣೋ," ಎಂದರು ನನಗೆ ಮಾತ್ರ ಕೇಳುವಂತೆ. "ಮಗ ಚೆನ್ನಾಗಿದಾನೆ."